ಗುಸ್ತಾಫ್ ಡಿ ಲಾವಾಲ್

ಕಾರ್ಲ್ ಗುಸ್ತಾಫ್ ಪ್ಯಾಟ್ರಿಕ್ ಡಿ ಲಾವಾಲ್ (ಮೇ ೯, ೧೮೪೫ – ಫೆಬ್ರವರಿ ೨, ೧೯೧೩) ಸ್ವೀಡನ್ ದೇಶದ ಎಂಜಿನಿಯರ್ ಹಾಗೂ ಸಂಶೋಧಕರು. ಹಾಲಿನಿಂದ ಕೆನೆಯನ್ನು ಬೇರ್ಪಡಿಸುವ ಯಂತ್ರ ಮತ್ತು ಉಗಿ ಟರ್ಬೈನುಗಳಿಂದ ಪ್ರಸಿದ್ಧರಾದ ಇವರು, ಅತಿವೇಗದಿಂದ ತಿರುಗುವ ಡ್ರಮ್ಮುಗಳೂ ಚಕ್ರಗಳೂ ಒಡೆಯದಂತೆ ನಿರ್ಮಿಸುವ ಬಗೆಯನ್ನು ತೋರಿಸಿಕೊಟ್ಟವರಲ್ಲಿ ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಡಾಲಾರ್ನಾ ಪ್ರಾಂತದ ಓರ್ಸಾ ಎಂಬಲ್ಲಿ ಜನಿಸಿದರು. ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದಲ್ಲಿ ಓದಿ ೧೮೬೬ರಲ್ಲಿ ಎಂಜಿನಿಯರ್ ಆದರು. ೧೮೭೨ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದರು.

ಕೆನೆ ಬೇರ್ಪಡಿಸುವ ಯಂತ್ರ

ಆ ಕಾಲದಲ್ಲಿ ಹಾಲನ್ನು ಅಗಲವಾದ ಪಾತ್ರೆಗಳಲ್ಲಿ ಬಹಳ ಹೊತ್ತು ಇಟ್ಟು, ಮೇಲೆ ಕಟ್ಟಿದ ಕೆನೆಯನ್ನು ತೆಗೆಯುತ್ತಿದ್ದರು. ಜರ್ಮನಿಯ ಲೆಫೆಲ್ಟ್ ಎಂಬವರು ತಿರುಗುವ ಯಂತ್ರದಿಂದ ಈ ಕೆಲಸವನ್ನು ಮಾಡಿದ್ದರಾದರೂ, ಕೆನೆ ತೆಗೆಯಲು ಪ್ರತಿಸಲವೂ ಯಂತ್ರವನ್ನು ನಿಲ್ಲಿಸಬೇಕಾಗುತ್ತಿತ್ತು. ಡಿ ಲಾವಾಲ್ ಅವರು ೧೮೭೮ರಲ್ಲಿ ರೂಪಿಸಿದ ಯಂತ್ರದಲ್ಲಿ ಹಾಲು ಒಂದೆಡೆ ಸುರಿಯುತ್ತಿದ್ದಂತೆಯೇ ಕೆನೆಯೂ ಕೆನೆರಹಿತ ಹಾಲೂ ಬೇರೆಬೇರೆ ಕೊಳವೆಗಳಿಂದ ಹೊರಬರುತ್ತಿದ್ದವು. ಇದನ್ನು ನಮ್ಮ ಮನೆಗಳ ಮೊಸರು ಕಡೆಯುವ ಕ್ರಿಯೆಯೊಡನೆ ಹೋಲಿಸುವುದು ಸರಿಯಲ್ಲ. ಇಲ್ಲಿ ಕಡೆತವಿಲ್ಲ, ಭಾರವಾದ ಹಾಲು ಡ್ರಮ್ಮಿನ ಗೋಡೆಯತ್ತ ಸರಿಯುತ್ತದೆ, ಹಗುರವಾದ ಕೆನೆ ನಡುವೆ ಉಳಿಯುತ್ತದೆ. ಆಸ್ಕರ್ ಲಾಮ್ ಅವರೊಡಗೂಡಿ ಆರಂಭಿಸಿದ ಉದ್ಯಮವು ೧೮೮೩ರಲ್ಲಿ 'ಸೆಪರೇಟರ್' ಕಂಪನಿಯಾಯಿತು. ಇಂದಿನ ಆಲ್ಫಾ ಲಾವಾಲ್ ಸಂಸ್ಥೆ ಅದರ ಮುಂದುವರಿಕೆ.

ವೇಗದ ಸಮಸ್ಯೆ

ಡ್ರಮ್ಮನ್ನು ವೇಗವಾಗಿ ತಿರುಗಿಸಲು ತಕ್ಕ ಎಂಜಿನನ್ನು ಹುಡುಕುತ್ತ ಡಿ ಲಾವಾಲ್ ಉಗಿ ಟರ್ಬೈನಿನತ್ತ ತಿರುಗಿದರು. ಮೊದಲು ಕಿರಿದಾಗಿ ಬಳಿಕ ಅಗಲವಾಗುವ ಅವರ ನಾಝಲ್ ಉಗಿಗೆ ಶಬ್ದಕ್ಕಿಂತ ಹೆಚ್ಚಿನ ವೇಗ ನೀಡಿತು. ಇದೇ ಬಗೆಯ ನಾಝಲ್ ಇಂದು ರಾಕೆಟ್ಟುಗಳಲ್ಲಿದೆ. ಆದರೆ ಈ ಉಗಿಯಿಂದ ತಿರುಗುವ ಚಿಕ್ಕ ಚಕ್ರವು ನಿಮಿಷಕ್ಕೆ ೩೦,೦೦೦ ಸುತ್ತು ಹಾಕುತ್ತಿತ್ತು.

ತಿರುಗುವ ವಸ್ತುವಿನ ಮೇಲಿನ ಸೆಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಇಮ್ಮಡಿಯಾದರೆ ಸೆಳೆತ ನಾಲ್ಮಡಿ. ತೆಳುವಾದ ಬಳೆಯನ್ನು ದಪ್ಪ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಹೆಚ್ಚಿದ ಲೋಹವು ತನ್ನ ಭಾರದಿಂದ ತಾನೇ ಎಳೆಯುತ್ತದೆ. ಆದ್ದರಿಂದ ಡಿ ಲಾವಾಲ್ ತಮ್ಮ ಚಕ್ರವನ್ನು ನಡುವೆ ದಪ್ಪವಾಗಿಯೂ ಅಂಚಿನತ್ತ ತೆಳ್ಳಗಾಗುವಂತೆಯೂ ಮಾಡಿದರು. ದೊಡ್ಡ ಚಕ್ರಗಳ ನಡುವೆ ರಂಧ್ರವನ್ನೇ ಕೊರೆಯದೆ, ಅಕ್ಷದಂಡವನ್ನು ಎರಡು ಬದಿಗಳಿಂದ ಜೋಡಿಸಿದರು. ರಂಧ್ರವಿದ್ದರೆ ಅಲ್ಲಿನ ಸೆಳೆತ ಸುಮಾರು ಎರಡು ಪಟ್ಟಾಗುತ್ತದೆ. ಅಂಚಿನ ಕೆಳಗೆ ಬೇಕೆಂದೇ ಒಂದು ತೆಳುವಾದ ಭಾಗವನ್ನೂ ಬಿಟ್ಟರು. ಮಿತಿಮೀರಿದ ವೇಗದಲ್ಲಿ ಮೊದಲು ಅಂಚು ಚೂರಾಗುವುದೇ ಹೊರತು ಇಡೀ ಚಕ್ರ ಸಿಡಿದು ಬಳಿಯಲ್ಲಿರುವವರ ಪ್ರಾಣ ತೆಗೆಯದು. ಇದು ಅವರ ಕೆಲಸದಲ್ಲೆಲ್ಲ ಅತ್ಯಂತ ವಿವೇಕದ ಅಂಶವೆನ್ನಬಹುದು.

ಬಾಗುವ ಅಕ್ಷದಂಡ

ಯಾವ ಚಕ್ರವನ್ನೂ ಪೂರ್ಣ ಸಮತೋಲದಲ್ಲಿ ಮಾಡಲಾಗದು. ದಂಡವನ್ನು ಬಲಪಡಿಸುವ ಬದಲು ಡಿ ಲಾವಾಲ್ ಅದನ್ನು ತೆಳ್ಳಗೆ, ಬಾಗುವಂತೆ ಮಾಡಿದರು. ವೇಗವು ಒಂದು ನಿರ್ದಿಷ್ಟ ಮಟ್ಟವನ್ನು ಮುಟ್ಟುವಾಗ ಚಕ್ರ ಜೋರಾಗಿ ಅದುರುತ್ತದೆ. ಅದನ್ನು ದಾಟಿದೊಡನೆ ತನ್ನ ಗುರುತ್ವಕೇಂದ್ರದ ಸುತ್ತ ತಾನೇ ತಿರುಗತೊಡಗಿ ಶಾಂತವಾಗುತ್ತದೆ. ೧೮೯೫ರಲ್ಲಿ ಜರ್ಮನಿಯ ಆಗಸ್ಟ್ ಫೊಪ್ಪಲ್ ಇದನ್ನು ಗಣಿತದಿಂದ ವಿವರಿಸಿದರು.

ಬಟ್ಟೆ ಒಗೆಯುವ ಯಂತ್ರವನ್ನು ಡಿ ಲಾವಾಲ್ ರೂಪಿಸಲಿಲ್ಲ. ಆದರೂ ಅದರಲ್ಲಿ ಇದೇ ತತ್ತ್ವಗಳಿವೆ. ಅರ್ಧ ಮೀಟರ್ ವ್ಯಾಸದ ಡ್ರಮ್ ನಿಮಿಷಕ್ಕೆ ೧,೪೦೦ ಸುತ್ತು ತಿರುಗುವಾಗ ಒಂದು ಕಿಲೋಗ್ರಾಂ ಒದ್ದೆ ಬಟ್ಟೆಯು ಗೋಡೆಯನ್ನು ಸುಮಾರು ೫೫೦ ಕಿಲೋಗ್ರಾಂ ಭಾರದಂತೆ ಒತ್ತುತ್ತದೆ. ತುಕ್ಕು ಹಿಡಿಯದ ಉಕ್ಕಿನ ಡ್ರಮ್ಮು ಈ ಒತ್ತಡವನ್ನು ತಡೆಯುತ್ತದೆ. ಅದನ್ನು ಒಳಗೊಂಡ ತೊಟ್ಟಿ ಸ್ಪ್ರಿಂಗುಗಳಿಂದ ತೂಗುತ್ತಿರುವುದರಿಂದಲೇ ಯಂತ್ರ ಹಿಂಡಲು ಆರಂಭಿಸಿದಾಗ ಅದುರಿ, ಬಳಿಕ ಸ್ತಿಮಿತಕ್ಕೆ ಬರುತ್ತದೆ.

ಕೊನೆಯ ವರ್ಷಗಳು

೧೮೮೬ರಲ್ಲಿ ಸ್ವೀಡನ್ನಿನ ರಾಜಮನ್ನಣೆಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಡಿ ಲಾವಾಲ್ ಸಂಸತ್ತಿನ ಸದಸ್ಯರೂ ಆಗಿದ್ದರು. ಒಂದು ಕೆಲಸ ಫಲಿಸುವ ಮೊದಲೇ ಮತ್ತೊಂದಕ್ಕೆ ಹಣ ಹಾಕುತ್ತಿದ್ದುದರಿಂದ ಗಳಿಸಿದ ಸಂಪತ್ತು ಉಳಿಯಲಿಲ್ಲ. ಸ್ಟಾಕ್‌ಹೋಮಿನಲ್ಲಿ ನಿಧನರಾದಾಗ ಅವರ ಬಳಿ ಹೆಚ್ಚೇನೂ ಆಸ್ತಿಯಿರಲಿಲ್ಲ.