ಎಣಿಕೆಗೆ ಸತ್ಯನಿಷ್ಠೆಯನ್ನು ಕಲಿಸಿದ ಮಹಲನೋಬಿಸ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಇಲ್ಲಿ ಗಣಿತದ ಅಧ್ಯಾಪಕನಾಗಿದ್ದ ನನಗೆ ಮೊದಲು ನೆನಪಾದವರು ಪ್ರಶಾಂತಚಂದ್ರ ಮಹಲನೋಬಿಸ್.

1893ರ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದ ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಅನಂತರ ಕೇಂಬ್ರಿಜ್‌ನಲ್ಲಿಯೂ ವ್ಯಾಸಂಗ ಮಾಡಿ ಭೌತಶಾಸ್ತ್ರದ ಅಧ್ಯಾಪಕರಾದರು. ಇಂಗ್ಲೆಂಡಿನಿಂದ ತಂದ ಬಯೊಮೆಟ್ರಿಕ ಪತ್ರಿಕೆಯ ಸಂಪುಟಗಳು ಅವರ ಬಾಳಿನ ದಿಕ್ಕನ್ನೇ ಬದಲಿಸಿದವು. 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು.

1937ರಿಂದ ಅವರು ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಯನ್ನು ಕೈಗೊಂಡರು. ಎಲ್ಲ ಹೊಲಗಳನ್ನೂ ಅಳೆಯುವುದು ದುಸ್ಸಾಧ್ಯ. ಅನ್ನ ಬೆಂದುದನ್ನು ಒಂದು ಅಗುಳಿನಿಂದ ಅರಿಯುವಂತೆ ಕೆಲವನ್ನಷ್ಟೇ ಆಯ್ದರು. ಆ ಆಯ್ಕೆಯಲ್ಲಿ ಯಾರ ಇಷ್ಟಾನಿಷ್ಟಗಳಿಗೂ ಎಡೆಯಿರಲಿಲ್ಲ. ಒಂದೇ ಪ್ರದೇಶಕ್ಕೆ ಪರಸ್ಪರ ಸಂಪರ್ಕವಿಲ್ಲದ ಎರಡು ತಂಡಗಳನ್ನು ಕಳುಹಿಸಿ, ಎರಡು ಲೆಕ್ಕಗಳನ್ನೂ ಹೋಲಿಸಿ ತಪ್ಪನ್ನು ಹಿಡಿಯುವ ಕ್ರಮವೂ ಅವರದೇ.

ಸ್ವಾತಂತ್ರ್ಯಾನಂತರ, 1949ರಲ್ಲಿ ರಚಿತವಾದ ರಾಷ್ಟ್ರೀಯ ಆದಾಯ ಸಮಿತಿಗೆ ಅವರೇ ಅಧ್ಯಕ್ಷರು. 1950ರಲ್ಲಿ ಅವರ ಪ್ರಯತ್ನದಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಬಡವನ ಮನೆಯ ಊಟ-ಉಡುಗೆಗಳ ವೆಚ್ಚ ಸರಕಾರದ ದಾಖಲೆಗೆ ಸೇರಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡನ್ನೂ ಅವರು ರೂಪಿಸಿದರು. ಆ ಯೋಜನೆಗಳ ಫಲ ಬಡವರಿಗೆ ಎಷ್ಟು ತಲಪಿತೆಂದು 1971ರಲ್ಲಿ ದಾಂಡೇಕರ್ ಮತ್ತು ನೀಲಕಂಠ ರಥ್ ಪ್ರಶ್ನಿಸಿದಾಗ, ಅವರಿಗೆ ಆಧಾರವಾದುದು ಇದೇ ಸಮೀಕ್ಷೆಯ ಅಂಕಿಗಳು. ಆಳುವವರಿಗೆ ದಾರಿ ತೋರುವ ಲೆಕ್ಕವೇ ಅವರನ್ನು ಪ್ರಶ್ನಿಸುವ ಪ್ರಜೆಗೂ ಆಸರೆ.

ಜನಗಣತಿಯು ಮಹಲನೋಬಿಸರ ಸಮೀಕ್ಷೆಗಿಂತ ಭಿನ್ನವಾದುದು. ಆದರೆ ಅವರ ಪಾಠ ನನಗೆ ಮನದಟ್ಟಾದುದು 1991ರ ಗಣತಿಯಲ್ಲಿ. ನಾನು ಗಣತಿದಾರನಾಗಿದ್ದೆ. ಮುಸ್ಸಂಜೆಯಲ್ಲಿ ದಣಿದು, ಗುಡ್ಡದ ಮೇಲಿನ ಮನೆಯೊಂದರ ಮಾತೃಭಾಷೆಯನ್ನು ಕೇಳದೆಯೇ ಕನ್ನಡವೆಂದು ಬರೆದುಬಿಟ್ಟೆ. ಆ ಮನೆಯ ಮಕ್ಕಳು ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದರು. ಗಡಿನಾಡಿನಲ್ಲಿ ಕನ್ನಡಿಗರ ಸಂಖ್ಯೆ ಹೆಚ್ಚಲಿ ಎಂಬ ಆಸೆಯೂ ಒಳಗೆ ಇತ್ತು. ರಾತ್ರಿ ನಿದ್ರೆ ಹತ್ತಲಿಲ್ಲ. ಇನ್ನೊಂದು ತಂಡ ಅದೇ ಮನೆಗೆ ಹೋದರೆ ಏನು ಬರೆದೀತು? ಮರುದಿನ ಗುಡ್ಡವೇರಿ ಕೇಳಿದೆ. ಮನೆಯ ಹಿರಿಯಮ್ಮ ತುಳು ಎಂದರು. ತಿದ್ದಿ ಬರೆದೆ. ನಮ್ಮ ಎಣಿಕೆ ತಪ್ಪಾಗಿದೆಯೆಂದು ಇತರರನ್ನು ದೂರುವ ನಾವು, ನಾವೇ ತಪ್ಪು ಬರೆದರೆ ಯಾವ ಮುಖದಿಂದ ನ್ಯಾಯ ಕೇಳುವುದು?

1972ರ ಜೂನ್ 28ರಂದು, ತಮ್ಮ ಹುಟ್ಟುಹಬ್ಬದ ಮುನ್ನಾದಿನ, ಮಹಲನೋಬಿಸ್ ನಿಧನರಾದರು. 2007ರಿಂದ ಅವರ ಜನ್ಮದಿನವನ್ನು ದೇಶವು ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತಿದೆ. ಪ್ರಿಯ ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಯಾರಾದರೂ ಗಣತಿಯ ಪುಸ್ತಕ ಹಿಡಿದು ಮನೆಮನೆಗೆ ಹೋಗುವಿರಿ. ಕೇಳಿ ಬರೆಯಿರಿ, ಕೇಳಿದುದನ್ನೇ ಬರೆಯಿರಿ.