ವಾರಕ್ಕೆ ಅರ್ಧ ದಿನ ಊರಿಗಾಗಿ: ಸರ್ ಎಂ.ವಿ. ಮಾಡಿಸಿದ, ನಾವು ಮರೆತ ಕೆಲಸ

ಸತ್ಯಮಂಗಲ (ತುಮಕೂರು): ಸೆಪ್ಟೆಂಬರ್ 15 ಬಂತು ಅಂದ್ರೆ ಎಂಜಿನಿಯರ್ಸ್ ಡೇ. ಮೈಸೂರು ಪೇಟದ ಫೋಟೋಗೆ ಒಂದು ಹಾರ, ಕನ್ನಂಬಾಡಿ ಕಟ್ಟೆ ಬಗ್ಗೆ ಒಂದು ಭಾಷಣ, ಆಮೇಲೆ ಕಾಫಿ. ಅಲ್ಲಿಗೆ ಮುಗೀತು. ಆದ್ರೆ ಸರ್ ಎಂ. ವಿಶ್ವೇಶ್ವರಯ್ಯನವರು ಅಣೆಕಟ್ಟು ಮಾತ್ರ ಕಟ್ಟಿದೋರಲ್ಲ. ಊರಿನ ಜನರನ್ನೇ ಒಟ್ಟು ಕೂರಿಸಿ ಊರಿನ ಆರೋಗ್ಯ ಸರಿಮಾಡೋಕೂ ಕೈಹಾಕಿದ್ದರು. ಆ ಕತೆ ನಮ್ಮ ವಾರ್ಡುಗಳಿಗೆ ಇವತ್ತು ಹೆಚ್ಚು ಬೇಕಾಗಿದೆ.

ಕುಡಿಯೋ ನೀರಿನಿಂದ ಶುರು

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. 1884ರಲ್ಲಿ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಅಲ್ಲಿ ಅವರಿಗೆ ಹೆಸರು ತಂದ ಕೆಲಸಗಳಲ್ಲಿ ಒಂದು ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ನೀರು ಕೊಟ್ಟದ್ದು. ಸಿಂಧೂ ನದಿ ನೀರು ಕೆಸರು. ಶುದ್ಧೀಕರಣ ಘಟಕ ಕಟ್ಟೋಕೆ ಪುರಸಭೆ ಹತ್ತಿರ ದುಡ್ಡಿಲ್ಲ. ಇವರು ನದಿಯ ಮರಳಲ್ಲೇ ಬಾವಿ ತೋಡಿಸಿದರು. ಮರಳೇ ನೀರನ್ನ ಸೋಸಿಕೊಟ್ಟಿತು. 1906ರಲ್ಲಿ ಏಡನ್‌ಗೆ ಹೋಗಿ ಅಲ್ಲಿನ ನೀರು, ಒಳಚರಂಡಿಗೆ ಯೋಜನೆ ಹಾಕಿಕೊಟ್ಟರು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಲ್ಲಿ ಸಾವಿರಾರು ಜನ ಸತ್ತಾಗ, ನಿಜಾಮರು ಕರೆಸಿಕೊಂಡಿದ್ದು ಇವರನ್ನೇ. ಪ್ರವಾಹ ತಡೆಯೋಕೆ ಜಲಾಶಯ, ಜೊತೆಗೆ ನಗರಕ್ಕೆ ಒಳಚರಂಡಿ, ಎರಡಕ್ಕೂ ಯೋಜನೆ ಕೊಟ್ಟರು.

ಕಮಿಟಿಯಲ್ಲಿ ವ್ಯಾಪಾರಿಗೂ ಜಾಗ

1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. 1912ರ ನವೆಂಬರಲ್ಲಿ ದಿವಾನರಾದರು. ಆಗಿನ ಸಂಸ್ಥಾನದ 8 ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಒಂದು. 1898ರಲ್ಲಿ ಬಂದ ಪ್ಲೇಗ್ ಸಂಸ್ಥಾನದಲ್ಲಿ ಬೇರು ಬಿಟ್ಟಿತ್ತು. ಮಲೆನಾಡಲ್ಲಿ ಚಳಿಜ್ವರಕ್ಕೆ ಹಳ್ಳಿಗಳೇ ಖಾಲಿಯಾಗುತ್ತಿದ್ದವು.

ಇದಕ್ಕೆಲ್ಲ ಸರ್ಕಾರ ಒಂದೇ ಸಾಲದು ಅನ್ನೋದು ಅವರಿಗೆ ಗೊತ್ತಿತ್ತು. ದಿವಾನರಾಗೋ ಮೊದಲೇ, 1911ರಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಶುರುವಾಗಲು ಅವರು ಕಾರಣರಾಗಿದ್ದರು. ಅದರ ಕೆಳಗೆ ಜಿಲ್ಲೆ, ತಾಲ್ಲೂಕು ಮಟ್ಟದ ಕಮಿಟಿಗಳು ಬಂದವು. ಅಧಿಕಾರಿಗಳ ಪಕ್ಕದಲ್ಲೇ ರೈತರು, ವ್ಯಾಪಾರಸ್ಥರು ಕೂತು ಮಾತಾಡಬೇಕು ಅನ್ನೋದು ಅದರ ಲೆಕ್ಕಾಚಾರ.

1914ರ ಸುಮಾರಿಗೆ ಗ್ರಾಮ ಸುಧಾರಣಾ ಯೋಜನೆ ಬಂತು. ಪ್ರತಿ ಊರಿಗೂ ಒಂದು ಕಮಿಟಿ. ಬಾವಿ, ರಸ್ತೆ, ಶಾಲೆ, ನೈರ್ಮಲ್ಯ ಇದರ ಪಾಲಿಗೆ. ಇಲ್ಲಿರೋ ವಿಶೇಷ ಏನಂದ್ರೆ, ಊರಿನವರು ವಾರಕ್ಕೆ ಅರ್ಧ ದಿನ ತಮ್ಮ ಸ್ವಂತ ಕೆಲಸ ಬಿಟ್ಟು ಊರಿನ ಕೆಲಸ ಮಾಡಬೇಕು. ಕೂಲಿ ಇಲ್ಲ. ತಿಪ್ಪೆ ಎತ್ತೋದು, ಬಾವಿ ಸುತ್ತ ಚೊಕ್ಕ ಮಾಡೋದು, ನೀರು ನಿಲ್ಲದ ಹಾಗೆ ನೋಡಿಕೊಳ್ಳೋದು. ಮಲೆನಾಡಿಗೆ ಅಂತಲೇ ಬೇರೆ ಸುಧಾರಣಾ ಯೋಜನೆಯೂ ಬಂತು.

1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಹೀಗೆ ಒಟ್ಟಾಗೋದರ ಬೆಲೆ ಎಷ್ಟು ಅಂತ ಗೊತ್ತಾಯಿತು. ಬೆಂಗಳೂರಲ್ಲಿ ಸ್ವಯಂಸೇವಕರು ಮನೆಮನೆಗೂ ಹೋಗಿ ಗಂಜಿ, ಔಷಧಿ ತಲುಪಿಸಿದರು. ಆ ಜ್ವರಕ್ಕೆ ಮದ್ದೇ ಇರಲಿಲ್ಲ. ಮಲಗಿದವರಿಗೆ ಹೊತ್ತಿಗೆ ಗಂಜಿ ಸಿಗೋದೇ ದೊಡ್ಡ ಆಸರೆ.

ಎಲ್ಲಿ ತಡವರಿಸಿತು

ಹಾರ ಹಾಕೋರು ಹೇಳದ ಇನ್ನೊಂದು ವಿಷಯವೂ ಇದೆ. ಅದೇ 1918ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಪ್ರಶ್ನೆ ನೋಡಲು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ ಮಿಲ್ಲರ್ ಸಮಿತಿ ನೇಮಿಸಿತು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅರ್ಹತೆಯೇ ಅಳತೆಗೋಲಾಗಬೇಕು ಅನ್ನೋದು ಅವರ ನಿಲುವು. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು.

ಎರಡೂ ಕಡೆಯವರ ಮಾತು ಇವತ್ತಿಗೂ ನಿಂತಿಲ್ಲ. ಆದ್ರೆ ಊರಿನ ಆರೋಗ್ಯದ ಮಟ್ಟಿಗೆ ಒಂದು ಮಾತಂತೂ ನಿಜ. ಚರಂಡಿ ಬಳಿಯೋ ಕೈ ಒಬ್ಬರದು, ಕಮಿಟಿಯಲ್ಲಿ ಕುರ್ಚಿ ಇನ್ನೊಬ್ಬರದು ಅಂತಾದ್ರೆ ಆ ಕಮಿಟಿ ಬಹಳ ದಿನ ಬಾಳಲ್ಲ. ನೀರು ಹೊರೋ ಹೆಂಗಸರನ್ನ ಕೇಳದೆ ಬಾವಿ ಎಲ್ಲಿ ತೋಡಬೇಕು ಅಂತ ತೀರ್ಮಾನಿಸಿದ್ರೆ ಅದೂ ಅಷ್ಟೇ. ಮೇಲಿಂದ ಬಂದ ಕಮಿಟಿಗೆ ಮೇಲಿನವರು ಇರೋವರೆಗೂ ಜೀವ.

ನಮಗೇನು ಉಳೀತು

1955ರಲ್ಲಿ ಅವರಿಗೆ ಭಾರತ ರತ್ನ ಬಂತು. 1962ರಲ್ಲಿ, ನೂರು ದಾಟಿದ ವಯಸ್ಸಲ್ಲಿ ತೀರಿಕೊಂಡರು.

ಈಗ ನಮಗೆ ಪಾಲಿಕೆ ಇದೆ, ಪಂಚಾಯಿತಿ ಇದೆ, ಆಶಾ ಕಾರ್ಯಕರ್ತೆಯರಿದ್ದಾರೆ, ಸ್ತ್ರೀಶಕ್ತಿ ಸಂಘಗಳಿವೆ. ಹಳ್ಳಿಗಳಿಗೆ ಆರೋಗ್ಯ, ನೈರ್ಮಲ್ಯ, ಪೌಷ್ಟಿಕತೆಯ ಸಮಿತಿ ಅಂತಲೇ ಒಂದಿದೆ. ಆಗ ಇಲ್ಲದ ಅನುಕೂಲಗಳು ಇವು. ಸತ್ಯಮಂಗಲದಂಥ ಕಡೆ ಕಾರ್ಖಾನೆಯವರು, ಬಾಡಿಗೆ ಮನೆಯ ಕಾರ್ಮಿಕರು, ಹಳೇ ಊರಿನವರು, ಅಂಗಡಿಯವರು ಎಲ್ಲರೂ ಅಕ್ಕಪಕ್ಕದಲ್ಲೇ ಇದ್ದಾರೆ. ಡೆಂಗಿ ಸೊಳ್ಳೆಗೆ ಇವರಲ್ಲಿ ಯಾರು ಯಾರು ಅನ್ನೋ ಭೇದ ಗೊತ್ತಿಲ್ಲ. ಅಂಗಡಿ ಹಿಂದೆ ಬಿದ್ದಿರೋ ಹಳೇ ಟೈರಲ್ಲಿ ನಿಂತ ನೀರು ಸಾಕು, ಒಂದು ವಾರದಲ್ಲಿ ಅದು ಬೆಳೆದು ಹಾರುತ್ತೆ.

ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಿ ಅಂತ ಆರೋಗ್ಯ ಇಲಾಖೆ ಹೇಳೋದು. ಅದಕ್ಕೆ ಅರ್ಧ ದಿನವೂ ಬೇಡ, ಒಂದು ಗಂಟೆ ಸಾಕು. ಆದ್ರೆ ಇಡೀ ಬೀದಿಯವರು ಒಂದೇ ದಿನ ಮಾಡಬೇಕು.