ಹಂಪಿ ಪಾಳುಬಿದ್ದಿದ್ದಾಗ ನಕ್ಷೆ ಮಾಡಿಸಿದ ಮೆಕೆಂಜಿ: ಊರೂರಿನ ಕಥೆ ಕೂಡಿಟ್ಟ ದಂಡಿನ ಸಾಹೇಬ

ಹೊಸಪೇಟೆ: ಹಂಪಿಗೆ ಹೋದವರು ಕಲ್ಲಿನ ರಥದ ಮುಂದೆ ನಿಂತು ಮೊಬೈಲಲ್ಲಿ ಒಂದು ಫೋಟೊ ಹೊಡ್ಕೊಂಡೇ ಬರ್ತಾರೆ. ಎಲ್ಲಿ ಏನಿದೆ ಅಂತ ತೋರಿಸೋಕೆ ಬೋರ್ಡ್ ಇದೆ, ಗೈಡ್ ಇದ್ದಾರೆ, ಕಿಸೆಯಲ್ಲೇ ಮ್ಯಾಪ್ ಇದೆ. ಆದರೆ ಇದೇ ಹಂಪಿಯನ್ನು ಮೊದಲ ಸಲ ಅಳತೆ ಮಾಡಿ ನಕ್ಷೆಗೆ ಇಳಿಸಿದ್ದು ಯಾರು ಅಂತ ಕೇಳಿದರೆ ನಮ್ಮ ತಾಲ್ಲೂಕಿನಲ್ಲೇ ಹೇಳೋರು ಕಡಿಮೆ. ಆತನ ಹೆಸರು ಕಾಲಿನ್ ಮೆಕೆಂಜಿ. ಈಸ್ಟ್ ಇಂಡಿಯಾ ಕಂಪನಿಯ ದಂಡಿನಲ್ಲಿ ಇಂಜಿನಿಯರ್ ಆಗಿದ್ದವನು. ಆತ ಹಂಪಿಗೆ ಬಂದಿದ್ದು 1799ರ ಕೊನೆಗೆ, ಟಿಪ್ಪು ಸುಲ್ತಾನ್ ಮಡಿದ ವರ್ಷವೇ.

1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ರಾಜಧಾನಿ ಲೂಟಿಯಾಗಿ, ಜನ ಬಿಟ್ಟು ಹೋಗಿ ಆಗಲೇ 230 ವರ್ಷ ದಾಟಿತ್ತು. ವಿರೂಪಾಕ್ಷನಿಗೆ ಪೂಜೆ ನಡೀತಿತ್ತು, ಜಾತ್ರೆಗೆ ಜನ ಸೇರ್ತಿದ್ದರು. ಉಳಿದಂತೆ ಅರಮನೆ ಕಟ್ಟೆ, ಬಜಾರಿನ ಸಾಲುಕಂಬ, ಕೋಟೆ ಗೋಡೆ ಎಲ್ಲಾ ಪಾಳು. ಆಗ ಕ್ಯಾಮೆರಾ ಅನ್ನೋದೇ ಹುಟ್ಟಿರಲಿಲ್ಲ. ಕಂಡದ್ದನ್ನು ಉಳಿಸಬೇಕು ಅಂದ್ರೆ ಅಳೆಯಬೇಕು, ಕೈಯಲ್ಲಿ ಬರೆಯಬೇಕು. ಮೆಕೆಂಜಿಯ ಕಡೆಯವರು ಮಾಡಿದ್ದು ಅದನ್ನೇ. ಬಣ್ಣದಲ್ಲಿ ಬರೆದ ಹಂಪಿಯ ನಕ್ಷೆ, ಕಟ್ಟಡಗಳ ಚಿತ್ರ ಲಂಡನ್ನಿನ ಗ್ರಂಥಾಲಯದಲ್ಲಿ ಇವತ್ತಿಗೂ ಇವೆ.

ದ್ವೀಪದ ಹುಡುಗ, ಗಣಿತದ ಹುಚ್ಚು

ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಸಣ್ಣ ಬಂದರು ಊರಿನಲ್ಲಿ. ಪ್ರಾಯದಲ್ಲಿ ಅದೇ ಊರಿನ ಸುಂಕದ ಕಚೇರಿಯಲ್ಲಿ ಕೆಲಸ. ಗಣಿತ ಅಂದರೆ ಬಹಳ ಆಸೆ. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ ವಂಶದ ಒಬ್ಬ ದೊರೆ ಆ ಹಿರಿಯನ ಚರಿತ್ರೆ ಬರೆಸಲು ಹೊರಟಿದ್ದ. ಹಿಂದೂಗಳ ಲೆಕ್ಕಶಾಸ್ತ್ರದ ಬಗ್ಗೆ ತಿಳಿದು ಕೊಡುವ ಕೆಲಸ ಮೆಕೆಂಜಿಗೆ ಬಂತು. ಭಾರತದ ಕಡೆ ಮನಸ್ಸು ತಿರುಗಿದ್ದು ಅಲ್ಲಿಂದ.

1783ರಲ್ಲಿ ಮದ್ರಾಸಿಗೆ ಹಡಗಿನಲ್ಲಿ ಬಂದಿಳಿದ. ವಯಸ್ಸು ಆಗಲೇ ಮೂವತ್ತರ ಹತ್ತಿರ. ದಂಡಿಗೆ ಸೇರೋಕೆ ಬರುವವರು ಹದಿನಾರು ಹದಿನೇಳರ ಹುಡುಗರು. ಅವರ ನಡುವೆ ಈತನೇ ದೊಡ್ಡವನು. ಮೊದಲು ಕಾಲಾಳು ಪಡೆ, ಆಮೇಲೆ ಇಂಜಿನಿಯರ್ ದಳ. ಮಧುರೆಯಲ್ಲಿ ನೇಪಿಯರ್ ಮನೆತನದ ಮಗಳ ಮನೆಯಲ್ಲಿ ಉಳಿದಾಗ ಅಲ್ಲಿನ ಪಂಡಿತರ ಪರಿಚಯ ಆಯ್ತು. ಗಣಿತ ಹುಡುಕಿಕೊಂಡು ಬಂದವನಿಗೆ ನಾಡಿನ ಚರಿತ್ರೆಯ ಹುಚ್ಚು ಹಿಡಿಯಿತು.

ಆದರೆ ಕೆಲಸ ಮಾತ್ರ ಯುದ್ಧದ್ದೇ. ಟಿಪ್ಪು ವಿರುದ್ಧದ ಎರಡು ಯುದ್ಧಗಳಲ್ಲೂ ಆತ ಇದ್ದ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಜಿನಿಯರ್ ಆಗಿ ದುಡಿದ. ನಡುವಿನ ವರ್ಷಗಳಲ್ಲಿ ನಿಜಾಮನ ಸೀಮೆಯ ಸರ್ವೆ ನಡೆಸಿದ. ಈ ಮಾತನ್ನು ಬಿಟ್ಟು ಮೆಕೆಂಜಿ ಕಥೆ ಹೇಳೋಕಾಗಲ್ಲ. ಕಂಪನಿಗೆ ನಕ್ಷೆ ಬೇಕಾಗಿದ್ದು ಚರಿತ್ರೆಯ ಮೇಲಿನ ಪ್ರೀತಿಗಲ್ಲ. ದಂಡು ಯಾವ ದಾರಿಯಲ್ಲಿ ಹೋಗಬೇಕು, ಯಾವ ಕೋಟೆ ಎಷ್ಟು ಗಟ್ಟಿ, ಯಾವ ಊರಿನಿಂದ ಎಷ್ಟು ಕಂದಾಯ ಹುಟ್ಟುತ್ತದೆ ಅಂತ ತಿಳಿಯೋಕೆ.

ಮೈಸೂರು ಸೀಮೆಯ ಸರ್ವೆ

ಟಿಪ್ಪು ನಂತರ ಮೈಸೂರು ಸೀಮೆಯನ್ನು ಪೂರಾ ಅಳೆಯುವ ಕೆಲಸ ಮೆಕೆಂಜಿಗೆ ಬಂತು. ಸುಮಾರು 40 ಸಾವಿರ ಚದರ ಮೈಲಿ. ಕೈಕೆಳಗೆ ಮದ್ರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರು. ಸರಪಳಿ ಎಳೆದು, ಬೆಟ್ಟದ ತುದಿಗೆ ಬಾವುಟ ನೆಟ್ಟು, ದುರ್ಬೀನಿನಲ್ಲಿ ಕೋನ ಹಿಡಿದು ಊರಿಂದೂರಿಗೆ ಹೋಗಬೇಕು. ಮಲೆನಾಡಿನ ಜ್ವರಕ್ಕೆ ಎಷ್ಟೋ ಜನ ಮಲಗಿದರು. ಮೇಲಿನವರು ಖರ್ಚು ಜಾಸ್ತಿ ಆಯ್ತು ಅಂತ ಹಣಕ್ಕೂ ಕತ್ತರಿ ಹಾಕಿದರು.

ಮೆಕೆಂಜಿ ಮಾತ್ರ ಬೆಟ್ಟ, ಹೊಳೆ, ಕೆರೆ ಅಳೆದು ಸುಮ್ನಾಗಲಿಲ್ಲ. ಈ ಊರು ಕಟ್ಟಿದ್ದು ಯಾರು, ಕೆರೆ ಕಟ್ಟಿಸಿದ್ದು ಯಾರು, ಗುಡಿಗೆ ಇನಾಮು ಬಿಟ್ಟಿದ್ದು ಯಾವ ಅರಸ, ಪಾಳೆಯಗಾರನ ವಂಶ ಎಲ್ಲಿಂದ ಬಂತು, ಯಾವ ಜಾತಿಯವರು ಏನು ಕಸುಬು ಮಾಡ್ತಾರೆ, ಇದೆಲ್ಲಾ ಆತನಿಗೆ ಬೇಕಿತ್ತು. ಸರ್ಕಾರದ ಪಟ್ಟಿಯಲ್ಲಿ ಇಲ್ಲದ ಕೆಲಸ ಇದು. ಬಹಳಷ್ಟು ಖರ್ಚನ್ನು ಆತ ಕೈಯಿಂದಲೇ ಹಾಕಿದ.

ಕೇಳಿ ಬರೆದವರು ನಮ್ಮವರೇ

ಇಷ್ಟೆಲ್ಲಾ ಮಾಡಿದ ಮೆಕೆಂಜಿಗೆ ಇಲ್ಲಿನ ಭಾಷೆ ಬರ್ತಿರಲಿಲ್ಲ. ಕಲಿಯೋಕೆ ಪುರುಸೊತ್ತು ಸಿಗಲಿಲ್ಲ ಅಂತ ಆತನೇ ಒಪ್ಪಿಕೊಂಡಿದ್ದ. ಹಾಗಾದರೆ ಊರಿನವರ ಹತ್ತಿರ ಕೂತು ಕೇಳಿದ್ದು ಯಾರು?

ಏಲೂರಿನ ಕಾವಲಿ ಮನೆತನದ ಅಣ್ಣತಮ್ಮಂದಿರು. ದೊಡ್ಡವನು ವೆಂಕಟ ಬೋರಯ್ಯ, ಇಪ್ಪತ್ತರ ಆಸುಪಾಸಿನ ಹುಡುಗ. 1796ರಲ್ಲಿ ಮೆಕೆಂಜಿ ಜೊತೆ ಸೇರಿದ. ಹಲವು ಭಾಷೆ ಬರ್ತಿದ್ದವು, ಹಳೇ ಅಕ್ಷರ ಓದುವ ಕಸುಬೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಜನರನ್ನು ಮಾತಿಗೆ ಎಳೆಯುವ ಗುಣ ಇತ್ತು. ಈ ನಾಡಿನ ವಿದ್ಯೆಯ ಬಾಗಿಲು ತನಗೆ ತೆರೆದದ್ದು ಬೋರಯ್ಯನಿಂದ ಅಂತ ಮೆಕೆಂಜಿ ಕೊನೆತನಕ ನೆನೆಯುತ್ತಿದ್ದ. ಬೋರಯ್ಯ 1803ರಲ್ಲೇ ತೀರಿಕೊಂಡ, ಮೂವತ್ತು ಕೂಡ ತುಂಬಿರಲಿಲ್ಲ. ಆಮೇಲೆ ಆ ಜವಾಬ್ದಾರಿ ಹೊತ್ತವನು ತಮ್ಮ ವೆಂಕಟ ಲಕ್ಷ್ಮಯ್ಯ. ಹಳಗನ್ನಡದ ಶಾಸನ ಓದೋಕೆ ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಸಿಕ್ಕ.

ಇವರ ಕಡೆಯವರು ಊರೂರಿಗೆ ಹೋಗಿ ಶಾನುಭೋಗ, ಗೌಡ, ಪೂಜಾರಿ, ಮಠದ ಸ್ವಾಮಿಗಳನ್ನು ಕಂಡು ಕೇಳ್ತಿದ್ದರು. ಕಲ್ಲಿನ ಶಾಸನ ನಕಲು ಮಾಡ್ತಿದ್ದರು. ತಾಮ್ರಪಟ, ಓಲೆಗರಿ, ಕಡತ ಬಿಚ್ಚಿಸಿ ನೋಡ್ತಿದ್ದರು. ಕಡತ ಅಂದರೆ ಹುಣಸೆ ಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪು ಮಾಡಿದ ಮಡಿಕೆ ಬಟ್ಟೆ. ಬಳಪದಲ್ಲಿ ಬರೆಯೋದು. ನಮ್ಮ ಕಡೆ ಅಂಗಡಿ ಸಾಹುಕಾರರೂ ಶಾನುಭೋಗರೂ ಲೆಕ್ಕ ಇಡ್ತಿದ್ದದ್ದು ಅದರಲ್ಲೇ. ಸಾಲ, ಜಮೆ, ಕಂದಾಯದ ಜೊತೆಗೆ ಊರಿನ ಹಳೇ ಸಂಗತಿಗಳೂ ಅಲ್ಲಿ ಸೇರಿರುತ್ತಿದ್ದವು.

ಎಲ್ಲರೂ ಬಾಯಿಬಿಡ್ತಿದ್ದರು ಅಂತೇನಿಲ್ಲ. ಕಂಪನಿ ಕಡೆಯವರು ಬಂದು ಇನಾಮು ಪತ್ರ ತೋರಿಸಿ ಅಂದರೆ ಯಾರಿಗೆ ತಾನೇ ಭಯ ಆಗಲ್ಲ? ಭೂಮಿ ಕಿತ್ಕೊಳ್ಳೋಕೆ ಬಂದಿದ್ದಾರೆ ಅಂತ ಪತ್ರ ಮುಚ್ಚಿಟ್ಟವರಿದ್ದರು. ಅಂಥ ಕಡೆ ದಿನಗಟ್ಟಲೆ ಕೂತು ನಂಬಿಕೆ ಗಳಿಸಬೇಕಾಗಿತ್ತು. ಹೀಗೆ ಕೇಳಿ ಬರೆದ ಊರಿನ ವರದಿಗೇ ಕೈಫಿಯತ್ತು ಅಂತ ಹೆಸರು.

ಅಮರಾವತಿಯ ಪಾಠ

ಬರೆದಿಡದಿದ್ದರೆ ಏನಾಗ್ತದೆ ಅನ್ನೋದಕ್ಕೆ ಮೆಕೆಂಜಿ ಕಣ್ಣೆದುರೇ ಒಂದು ಉದಾಹರಣೆ ನಡೆಯಿತು. ಕೃಷ್ಣಾ ನದಿ ದಡದ ಅಮರಾವತಿಯಲ್ಲಿ ದೊಡ್ಡ ದಿಬ್ಬವೊಂದನ್ನು ಅಗೆದಾಗ ಕೆತ್ತನೆಯ ಬಿಳಿ ಕಲ್ಲುಗಳು ಸಿಕ್ಕವು. ಅಲ್ಲಿನ ಜಮೀನ್ದಾರ ಹೊಸ ಪೇಟೆ ಕಟ್ಟಿಸ್ತಿದ್ದ, ಕಟ್ಟಡಕ್ಕೆ ಕಲ್ಲು ಬೇಕಿತ್ತು. 18ನೇ ಶತಮಾನದ ಕೊನೆಗೆ ಮೆಕೆಂಜಿ ಅಲ್ಲಿಗೆ ಹೋಗಿ ನೋಡಿ ಬಂದ. ಮತ್ತೆ ಹೋಗಿದ್ದು 1816ರಲ್ಲಿ. ಅಷ್ಟೊತ್ತಿಗೆ ದಿಬ್ಬದ ನಡುಭಾಗವನ್ನೇ ಅಗೆದು ಕುಂಟೆ ಮಾಡಿದ್ದರು. ಕೆತ್ತನೆ ಕಲ್ಲುಗಳು ಮೆಟ್ಟಿಲಿಗೆ, ಗೋಡೆಗೆ ಹೋಗಿದ್ದವು.

ಉಳಿದದ್ದನ್ನು ಒಂದೊಂದಾಗಿ ಅಳತೆ ಹಿಡಿದು ಚಿತ್ರ ಬರೆಸಿದ. ಅದು ಬೌದ್ಧರ ಮಹಾಸ್ತೂಪ ಅಂತ ಆತನಿಗೆ ಆಗ ಸರಿಯಾಗಿ ತಿಳಿದಿರಲಿಲ್ಲ. ಆದರೂ ಬರೆಸಿದ. ಆ ಚಿತ್ರಗಳಲ್ಲಿರುವ ಕೆಲವು ಕಲ್ಲುಗಳು ಆಮೇಲೆ ಯಾರಿಗೂ ಸಿಗಲೇ ಇಲ್ಲ. ಈಗ ಅವುಗಳ ಬಗ್ಗೆ ಗೊತ್ತಿರೋದು ಕಾಗದದ ಮೇಲೆ ಇರುವಷ್ಟೇ.

ಕಲ್ಕತ್ತದಲ್ಲಿ ಕೊನೆ

1810ರಲ್ಲಿ ಮದ್ರಾಸಿನ ಸರ್ವೇಯರ್ ಜನರಲ್ ಆದ. ಮರುವರ್ಷ ಜಾವಾ ದ್ವೀಪದ ಯುದ್ಧಕ್ಕೆ ಕಳಿಸಿದರು. ಅಲ್ಲೂ ಬಿಡಲಿಲ್ಲ, ಪ್ರಂಬಾನನ್ ಎಂಬಲ್ಲಿನ ಪಾಳು ಗುಡಿಗಳನ್ನು ಹುಡುಕಿಕೊಂಡು ಹೋದ. ಮದುವೆಯಾಗಿದ್ದೂ ಜಾವಾದಲ್ಲೇ, ಸುಮಾರು 58ರ ವಯಸ್ಸಿನಲ್ಲಿ. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕವಾಯಿತು.

ಮದ್ರಾಸು ಬಿಟ್ಟು ಕಲ್ಕತ್ತಕ್ಕೆ ಹೋಗುವ ಮೊದಲು, 1816ರಲ್ಲಿ, ಥಾಮಸ್ ಹಿಕ್ಕಿ ಎಂಬ ಕಲಾವಿದನಿಂದ ಒಂದು ಚಿತ್ರ ಬರೆಸಿಕೊಂಡ. ಕೆಂಪು ಕೋಟಿನ ಸಾಹೇಬ ಮುಂದೆ ನಿಂತಿದ್ದಾನೆ. ಸುತ್ತ ಮೂವರು ಭಾರತೀಯರು: ಓಲೆಗರಿ ಹಿಡಿದ ಪಂಡಿತ, ಜೊತೆಯ ಸಹಾಯಕ, ದುರ್ಬೀನು ಹಿಡಿದ ಜವಾನ. ಹಿಂದೆ ದೂರದಲ್ಲಿ ಗೊಮ್ಮಟನ ಮೂರ್ತಿ. ಸಾಹೇಬರು ಒಬ್ಬರೇ ಕೂತು ಚಿತ್ರ ಬರೆಸಿಕೊಳ್ಳುವ ಕಾಲದಲ್ಲಿ ಕೆಲಸದವರನ್ನು ಜೊತೆಗೆ ನಿಲ್ಲಿಸಿಕೊಂಡದ್ದು ಸಣ್ಣ ಮಾತಲ್ಲ.

ಕೂಡಿಸಿದ್ದನ್ನೆಲ್ಲಾ ಓದಿ, ಜೋಡಿಸಿ, ದಕ್ಷಿಣದ ಚರಿತ್ರೆ ಬರೆಯಬೇಕು ಅನ್ನೋ ಆಸೆ ಇತ್ತು. ಅದು ಕೈಗೂಡಲಿಲ್ಲ. 1821ರ ಮೇ 8ರಂದು ಮೆಕೆಂಜಿ ತೀರಿಕೊಂಡ. ಸಮಾಧಿ ಕಲ್ಕತ್ತದ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ. ಊರು ಬಿಟ್ಟು ಬಂದ 38 ವರ್ಷದಲ್ಲಿ ಒಂದು ಸಲವೂ ವಾಪಸ್ ಹೋಗಿರಲಿಲ್ಲ.

ರಾಶಿ ಏನಾಯ್ತು?

ಆತ ಬಿಟ್ಟು ಹೋದ ಸಂಗ್ರಹವನ್ನು ಹೆಂಡತಿಯಿಂದ ಸರ್ಕಾರ ಒಂದು ಲಕ್ಷ ರೂಪಾಯಿ ಕೊಟ್ಟು ಕೊಂಡಿತು. 1828ರಲ್ಲಿ ಎಚ್.ಎಚ್. ವಿಲ್ಸನ್ ಅಚ್ಚು ಹಾಕಿಸಿದ ಪಟ್ಟಿ ಪ್ರಕಾರ ಅದರಲ್ಲಿ 1,568 ಹಸ್ತಪ್ರತಿ, ಊರುಗಳ ಬಗ್ಗೆ 2,070 ಬರಹ, 8,076 ಶಾಸನದ ನಕಲು, 2,630 ಚಿತ್ರ, 6,218 ನಾಣ್ಯ ಇದ್ದವು. ಒಂದಷ್ಟು ಭಾಗ ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಬರಹಗಳು ಮದ್ರಾಸಿಗೆ ಬಂದವು. ಅಲ್ಲಿ ವರ್ಷಗಟ್ಟಲೆ ಬಿದ್ದು ಹುಳ ತಿಂದವು, ಶಾಯಿ ಮಾಸಿತು. ಆಮೇಲೆ ಕೆಲವರು ಎಚ್ಚೆತ್ತು ಮರು ನಕಲು ಮಾಡಿಸಿ ಉಳಿಸಿದರು.

ಬೇಜಾರಾಗುವ ಸಂಗತಿ ಇನ್ನೊಂದಿದೆ. ಕೆಲಸ ನಿಲ್ಲಬಾರದು, ತಾನು ಮುಂದುವರಿಸುತ್ತೇನೆ ಅಂತ ಕಾವಲಿ ಲಕ್ಷ್ಮಯ್ಯ ಸರ್ಕಾರಕ್ಕೆ ಅರ್ಜಿ ಹಾಕಿದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಕೆಲಸದಲ್ಲಿ ಸವೆದವನು. ಕಲ್ಕತ್ತದ ವಿದ್ವಾಂಸರ ಅಭಿಪ್ರಾಯ ಕೇಳಿದಾಗ ಅವರು ಬೇಡ ಅಂದರು. ಅಂಥ ಕೆಲಸ ಒಬ್ಬ ನೇಟಿವ್‌ನ ಕೈಲಾಗಲ್ಲ ಅನ್ನೋದೇ ಅವರು ಕೊಟ್ಟ ಕಾರಣ. ಎಲ್ಲಾ ಕೇಳಿ ಬರೆದು ತಂದವನಿಗೇ ಆ ಕೆಲಸ ಬರಲ್ಲ ಅಂದಂಗಾಯ್ತು.

ನಮ್ಮ ಕೈಗೆ ಬಂದದ್ದು

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ದಂಡಿನ ಅಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ಹಂಪಿಗೆ ಬಂದು ಮೇಣದ ಕಾಗದದ ಮೇಲೆ ಫೋಟೊ ಇಳಿಸಿಕೊಂಡ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಂಬ ಬಿದ್ದಿದೆ, ಯಾವ ಗೋಪುರ ಸವೆದಿದೆ ಅಂತ ಲೆಕ್ಕ ಸಿಗ್ತದೆ. 1986ರಲ್ಲಿ ಹಂಪಿ ವಿಶ್ವ ಪರಂಪರೆ ತಾಣವಾಯಿತು. ಆದರೆ ಈ ಕೆಲಸಕ್ಕೆ ಮೊದಲ ಗೆರೆ ಎಳೆದದ್ದು ಮೆಕೆಂಜಿಯ ನಕ್ಷೆ.

ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಕಮಲಾಪುರದ ಹತ್ತಿರ ಇರುವ ಅದೇ ವಿಶ್ವವಿದ್ಯಾಲಯ. ಹೆಸರಿಲ್ಲದ ಎಷ್ಟೋ ಶಾನುಭೋಗರು, ಪೂಜಾರಿಗಳು, ಗೌಡರು ಇನ್ನೂರು ವರ್ಷದ ಹಿಂದೆ ಹೇಳಿದ್ದು ಅದರಲ್ಲಿದೆ. ಒಂದಷ್ಟು ಕಟ್ಟುಕಥೆ, ಒಂದಷ್ಟು ವಂಶದ ಬಡಾಯಿ, ಒಂದಷ್ಟು ಖರೇ ಚರಿತ್ರೆ, ಎಲ್ಲಾ ಬೆರೆತಿದೆ.

ಮೆಕೆಂಜಿಯ ಜನ ಬರದೇ ಹೋದ ಊರುಗಳೂ ಬಹಳ ಇವೆ. ಆ ಊರುಗಳ ಹಳೇ ಚಾವಡಿ, ಮುಚ್ಚಿಹೋದ ಬಾವಿ, ಸಂತೆ ಮೈದಾನದ ಮೂಲೆಯ ವೀರಗಲ್ಲು ಇವುಗಳ ಸಂಗತಿ ಇವತ್ತಿಗೂ ಹಿರೀಕರ ಬಾಯಲ್ಲಷ್ಟೇ ಉಳಿದಿದೆ. ಕೇಳೋಕೆ ಸಾಹೇಬ ಬರಬೇಕಾಗಿಲ್ಲ, ಕಟ್ಟೆ ಮೇಲೆ ಕೂತು ಬರೆದುಕೊಳ್ಳುವವರು ಒಬ್ಬರಿದ್ದರೆ ಸಾಕು.